ಮಾನಸಿಕ ಆರೋಗ್ಯ ಸೇವೆಗೆ ಕಲಿಕಾ ಕೂಟ: ತಾಲ್ಲೂಕು ಆಸ್ಪತ್ರೆಗಳನ್ನು ಒಟ್ಟಿಗೆ ಕೂರಿಸಿ ಗುಣಮಟ್ಟ ಹೆಚ್ಚಿಸುವ ಬಗೆ

ಕಳೆದ ಜನವರಿಯಲ್ಲಿ ಹೊಸದಾಗಿ ಮನೋರೋಗದ ಮಾತ್ರೆ ಶುರು ಮಾಡಿದವರಲ್ಲಿ ಎಷ್ಟು ಮಂದಿ ಎರಡನೇ ಸಲ ಆಸ್ಪತ್ರೆಗೆ ಬಂದರು? ಈ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಬಲ್ಲ ತಾಲ್ಲೂಕು ಆಸ್ಪತ್ರೆ ಅಪರೂಪ. ಒಟ್ಟು ಎಷ್ಟು ರೋಗಿಗಳನ್ನು ನೋಡಿದಿರಿ ಎಂಬ ಲೆಕ್ಕ ತಿಂಗಳು ತಿಂಗಳು ಜಿಲ್ಲೆಗೆ ಹೋಗುತ್ತದೆ. ನಡುವೆ ಬಿಟ್ಟುಹೋದವರ ಲೆಕ್ಕವನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಯಾರೂ ಇಡುವುದೂ ಇಲ್ಲ. ಈ ಬಗೆಯ ಸಮಸ್ಯೆಗೆ ಹೇಳಿ ಮಾಡಿಸಿದ ವಿಧಾನ ಕಲಿಕಾ ಕೂಟ, ಅಂದರೆ ಲರ್ನಿಂಗ್ ಕೊಲ್ಯಾಬೊರೇಟಿವ್.

ಎಂಟರಿಂದ ಹನ್ನೆರಡು ಆಸ್ಪತ್ರೆಗಳ ಚಿಕ್ಕ ತಂಡಗಳು ಒಂದೇ ಗುರಿ ಇಟ್ಟುಕೊಂಡು, ಒಂದೇ ಅಳತೆಯಲ್ಲಿ ಅಳೆದುಕೊಂಡು, ಸುಮಾರು ಒಂದು ವರ್ಷ ಕೆಲಸ ಮಾಡುತ್ತವೆ. ಆ ವರ್ಷದಲ್ಲಿ ಮೂರು ಸಲ ಒಂದೆಡೆ ಸೇರುತ್ತವೆ. ಎರಡು ಸಭೆಗಳ ನಡುವಿನ ತಿಂಗಳುಗಳಲ್ಲಿ ತಮ್ಮ ತಮ್ಮ ಒಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಸಣ್ಣ ಸಣ್ಣ ಬದಲಾವಣೆಗಳನ್ನು ಪರೀಕ್ಷಿಸುತ್ತವೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಫಾರ್ ಹೆಲ್ತ್‌ಕೇರ್ ಇಂಪ್ರೂವ್‌ಮೆಂಟ್ 1995ರಲ್ಲಿ ‘ಬ್ರೇಕ್‌ಥ್ರೂ ಸೀರೀಸ್’ ಹೆಸರಿನಲ್ಲಿ ಈ ಚೌಕಟ್ಟನ್ನು ಶುರು ಮಾಡಿತು. ವ್ಯಸನ ಚಿಕಿತ್ಸಾ ಕೇಂದ್ರಗಳಿಗೆ ಇದನ್ನು ಒಗ್ಗಿಸಿದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ನಯಾಟೆಕ್ಸ್ ತಂಡ.

ಆ ತಂಡದ ಒಂದು ಅಧ್ಯಯನವನ್ನು ಆರಂಭದಲ್ಲೇ ಗಮನಿಸುವುದು ಒಳ್ಳೆಯದು. ಅಮೆರಿಕದ ಐದು ರಾಜ್ಯಗಳ 201 ವ್ಯಸನ ಚಿಕಿತ್ಸಾ ಕೇಂದ್ರಗಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ತಿಂಗಳಿಗೊಮ್ಮೆ ಫೋನ್ ಸಭೆ, ಒಂದಕ್ಕೆ ಮಾರ್ಗದರ್ಶಕರ ಭೇಟಿ ಮತ್ತು ಕರೆ, ಒಂದಕ್ಕೆ ಕಲಿಕಾ ಸಭೆ, ಕೊನೆಯದಕ್ಕೆ ಮೂರೂ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬರೀ ಫೋನ್ ಸಭೆಯಿಂದ ಹೇಳಿಕೊಳ್ಳುವಂಥ ಪ್ರಯೋಜನ ಆಗಲಿಲ್ಲ. ಮಾರ್ಗದರ್ಶಕರನ್ನು ಮಾತ್ರ ಕೊಟ್ಟ ಗುಂಪು, ಮೂರನ್ನೂ ಕೊಟ್ಟ ಗುಂಪಿಗೆ ಹೆಚ್ಚುಕಡಿಮೆ ಸರಿಸಮನಾಗಿ ನಿಂತಿತು, ಅದೂ ಕಡಿಮೆ ಖರ್ಚಿನಲ್ಲಿ. ಜಿಲ್ಲೆಯಲ್ಲಿ ಕೂಟ ನಡೆಸುವವರು ಹಣ, ಸಮಯ ಎರಡನ್ನೂ ಹಂಚುವಾಗ ಇದನ್ನು ಮರೆಯಬಾರದು. ಹೋಟೆಲ್ ಸಭಾಂಗಣಕ್ಕಿಂತ ಮಾರ್ಗದರ್ಶಕರ ಜೀಪಿನ ಡೀಸೆಲ್ಲಿಗೆ ಹಾಕಿದ ದುಡ್ಡು ಹೆಚ್ಚು ಕೆಲಸ ಮಾಡುತ್ತದೆ.

ವಿಷಯ ಯಾವುದಿರಬೇಕು

ಮೊದಲ ಕೂಟಕ್ಕೆ ವಿಷಯ ಆರಿಸುವಾಗ ಮೂರು ಸಂಗತಿ ನೋಡಿ. ರೋಗಿಗೆ ಅದರಿಂದ ನೇರ ಲಾಭ ಇರಬೇಕು, ತಿಂಗಳೊಳಗೆ ಎಣಿಸಿ ಹೇಳುವಂತಿರಬೇಕು, ಬದಲಾಯಿಸುವ ಶಕ್ತಿ ಆ ಆಸ್ಪತ್ರೆಯವರ ಕೈಯಲ್ಲೇ ಇರಬೇಕು. ಮೂರನೆಯದರಲ್ಲಿ ಎಡವುವವರೇ ಜಾಸ್ತಿ. ಮನಸ್ಸಿನ ವಿಪರೀತ ಏರಿಳಿತದ ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರ ರಕ್ತ ಪರೀಕ್ಷೆಯನ್ನೇ ನೋಡಿ. ಕೊನೆಯ ಮಾತ್ರೆಯಾಗಿ 12 ಗಂಟೆಯ ನಂತರ ರಕ್ತ ತೆಗೆಯಬೇಕು, ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಮತ್ತು ಥೈರಾಯ್ಡ್ ನೋಡಬೇಕು. ವಿಷಯ ಬಹಳ ಮುಖ್ಯ, ಎಣಿಸುವುದಕ್ಕೂ ಸುಲಭ. ಆದರೆ ಲಿಥಿಯಂ ಮಟ್ಟ ನೋಡುವ ಸೌಲಭ್ಯವೇ ಇಲ್ಲದ ತಾಲ್ಲೂಕು ಲ್ಯಾಬಿನ ಕೈಯಲ್ಲಿ ಏನಿದೆ? ಮೂರು ತಿಂಗಳಾಗುವಷ್ಟರಲ್ಲಿ ತಂಡ ಕೈಚೆಲ್ಲಿ ಕೂರುತ್ತದೆ. ಅಂಥ ವಿಷಯ ಎರಡನೇ ಕೂಟಕ್ಕಿರಲಿ.

ಕರ್ನಾಟಕದ ಮಟ್ಟಿಗೆ ಮೊದಲ ವಿಷಯವಾಗಿ ‘ಎರಡನೇ ಭೇಟಿ’ಗಿಂತ ಒಳ್ಳೆಯದು ಕಾಣುವುದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಿಂದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ವ್ಯವಸ್ಥೆ ಬಂತು. ಡಾಕ್ಟರ್ ಊರ ಹತ್ತಿರಕ್ಕೇನೋ ಬಂದರು. ರೋಗಿ ಇನ್ನೊಂದು ಸಲ ಬಾರದಿದ್ದರೆ ಅಷ್ಟೂ ಏರ್ಪಾಡು ಒಂದು ತಿಂಗಳ ಮಾತ್ರೆಗೆ ಮುಗಿಯುತ್ತದೆ. ಮುಂದೆ ಹೇಳುವುದೆಲ್ಲ ಈ ವಿಷಯವನ್ನೇ ಹಿಡಿದು. ಖಾಸಗಿ ಕ್ಲಿನಿಕ್ಕುಗಳು, ಸ್ವಯಂಸೇವಾ ಸಂಸ್ಥೆಗಳು ದಿನ, ಹುದ್ದೆಗಳ ಹೆಸರು ಬದಲಿಸಿಕೊಂಡರೆ ಸಾಕು.

ತಂಡ ಕಟ್ಟುವುದು

ಒಂದು ಕೂಟಕ್ಕೆ 8ರಿಂದ 12 ಆಸ್ಪತ್ರೆ ಸಾಕು. ಐದಕ್ಕಿಂತ ಕಡಿಮೆಯಾದರೆ ಒಬ್ಬರಿಂದೊಬ್ಬರು ಕಲಿಯುವುದಕ್ಕೆ ಸರಕಿರುವುದಿಲ್ಲ. ಹದಿನೈದು ದಾಟಿದರೆ ಮಾರ್ಗದರ್ಶಕರು ತಿಂಗಳಿಗೊಮ್ಮೆ ಎಲ್ಲ ಕಡೆ ತಲುಪುವುದಿಲ್ಲ. ಪ್ರತಿ ಆಸ್ಪತ್ರೆಯಿಂದ ನಾಲ್ಕೈದು ಜನ ಬೇಕು: ಒಬ್ಬ ವೈದ್ಯರು, ಒಬ್ಬ ಶುಶ್ರೂಷಕಿ ಅಥವಾ ಆಪ್ತಸಮಾಲೋಚಕರು, ಔಷಧ ಕೊಡುವವರು, ಒಪಿಡಿ ಚೀಟಿ ಬರೆಯುವ ಡೇಟಾ ಎಂಟ್ರಿ ಆಪರೇಟರ್. ಚೀಟಿ ಕೌಂಟರಿನವರನ್ನು ಬಿಟ್ಟು ತಂಡ ಕಟ್ಟುವುದು ಸಾಮಾನ್ಯ ತಪ್ಪು. ರೋಗಿಯ ಫೋನ್ ನಂಬರ್ ಸರಿಯಾಗಿ ಬರೆದುಕೊಳ್ಳುವುದು, ಬಿಡುವುದು ಅವರ ಕೈಯಲ್ಲಿದೆ.

ಐದನೆಯವರು ಚಿಕಿತ್ಸೆ ಪಡೆಯುತ್ತಿರುವವರು ಅಥವಾ ಅವರನ್ನು ನೋಡಿಕೊಳ್ಳುವ ಮನೆಯವರು. ಒಬ್ಬರನ್ನೇ ಕರೆದರೆ ಅಷ್ಟು ಜನ ಅಧಿಕಾರಿಗಳ ನಡುವೆ ಬಾಯಿ ಬಿಡುವುದಿಲ್ಲ, ಇಬ್ಬರನ್ನು ಕರೆಯಿರಿ. ಬಸ್ ಚಾರ್ಜು, ಆ ದಿನದ ಕೂಲಿ ಎರಡನ್ನೂ ಕೊಡಬೇಕು. ಡಾಕ್ಟರು ಹೇಳಿದ್ದಕ್ಕೆಲ್ಲ ಹೂಂಗುಟ್ಟುವವರನ್ನು ಆರಿಸಬೇಡಿ. ನಡುವೆ ಚಿಕಿತ್ಸೆ ಬಿಟ್ಟು ಮತ್ತೆ ಬಂದವರು ಸಿಕ್ಕರೆ ಅವರೇ ಸರಿ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಅರ್ಧ ಗಂಟೆಯಲ್ಲಿ ಪರೀಕ್ಷಿಸಲು ಯೋಗ್ಯವಾದ ಐದಾರು ಸಂಗತಿ ಸಿಗುತ್ತವೆ.

ತಾಲ್ಲೂಕು ಆರೋಗ್ಯಾಧಿಕಾರಿ ತಂಡದಲ್ಲಿ ಇರಲೇಬೇಕೆಂದಿಲ್ಲ. ಆದರೆ ಅವರ ಸಹಿ ಇರುವ ಪತ್ರ ಬೇಕು. ವಾರಕ್ಕೆ ಎರಡು ಗಂಟೆ ಈ ಕೆಲಸಕ್ಕೆ ಬಿಡಲಾಗಿದೆ ಎಂಬ ಸಾಲು ಅದರಲ್ಲಿ ಇರಲಿ.

ಅಳತೆ: ಇಲ್ಲಿ ಅವಸರ ಬೇಡ

ಗುರಿಯನ್ನು ಒಂದೇ ವಾಕ್ಯದಲ್ಲಿ, ಪ್ರಮಾಣ ಮತ್ತು ಗಡುವು ಸೇರಿಸಿ ಬರೆಯಿರಿ: ‘ಸೈಕೋಸಿಸ್ (ಭ್ರಮೆ, ಇಲ್ಲದ ದನಿ ಕೇಳಿಸುವ ಕಾಯಿಲೆ), ಬೈಪೋಲಾರ್ ಅಥವಾ ಖಿನ್ನತೆಗೆ ಹೊಸದಾಗಿ ಔಷಧ ಶುರುವಾದವರಲ್ಲಿ 35 ದಿನದೊಳಗೆ ಮರಳಿ ಬರುವವರ ಪ್ರಮಾಣವನ್ನು 12 ತಿಂಗಳಲ್ಲಿ ಈಗಿರುವುದಕ್ಕಿಂತ ಒಂದೂವರೆ ಪಟ್ಟು ಮಾಡುವುದು.’ ‘ಸೇವೆ ಸುಧಾರಿಸುವುದು’ ಎಂದು ಬರೆದರೆ ಆದದ್ದೂ ಗೊತ್ತಾಗುವುದಿಲ್ಲ, ಆಗದ್ದೂ ಗೊತ್ತಾಗುವುದಿಲ್ಲ.

ಆಮೇಲೆ ಭಿನ್ನರಾಶಿಯ ಮೇಲೆ ಯಾರು, ಕೆಳಗೆ ಯಾರು ಎಂಬುದನ್ನು ಕಟ್ಟುನಿಟ್ಟಾಗಿ ನಿರ್ಧರಿಸಿ. ಕೆಳಗೆ: ಆ ತಿಂಗಳಲ್ಲಿ ಈ ಮೂರು ಕಾಯಿಲೆಗಳಲ್ಲಿ ಒಂದಕ್ಕೆ ಮೊದಲ ಸಲ ಔಷಧ ಬರೆಸಿಕೊಂಡವರು. ಮೇಲೆ: ಅವರಲ್ಲಿ 35 ದಿನದೊಳಗೆ ಸ್ವತಃ ಬಂದವರು. ಇಷ್ಟು ಸರಳ ಅನಿಸುವಲ್ಲೇ ತೊಡಕು ಇರುವುದು. ರೋಗಿ ಬಾರದೆ ಅಣ್ಣನೋ ಅಮ್ಮನೋ ಬಂದು ಮಾತ್ರೆ ಒಯ್ದರೆ ಅದನ್ನು ಬಂದಂತೆ ಎಣಿಸಬೇಕೆ? ಒಂದು ಆಸ್ಪತ್ರೆ ಎಣಿಸಿ ಇನ್ನೊಂದು ಬಿಟ್ಟರೆ ಹೋಲಿಕೆ ದಂಡ. ಮನೆಯವರು ಬಂದದ್ದನ್ನು ಬೇರೆ ಕಾಲಂನಲ್ಲಿ ಬರೆಯುವುದೇ ದಾರಿ. ಜನವರಿಯಲ್ಲಿ 24 ಹೊಸಬರು, ಅವರಲ್ಲಿ 11 ಮಂದಿ ಸ್ವತಃ ಬಂದರು, 4 ಮಂದಿಯ ಮನೆಯವರು ಬಂದರು ಎಂದಿಟ್ಟುಕೊಳ್ಳಿ. ಮುಖ್ಯ ಅಳತೆ 24ಕ್ಕೆ 11, ಅಂದರೆ ಶೇ 46. ಆ ನಾಲ್ಕನ್ನು ಸೇರಿಸಿದರೆ ಶೇ 62.5ಕ್ಕೆ ಏರುತ್ತದೆ. ಒಂದೇ ತಿಂಗಳು, ಒಂದೇ ಆಸ್ಪತ್ರೆ. ವ್ಯಾಖ್ಯೆ ಸಡಿಲವಾದರೆ ಏನೂ ಬದಲಾಗದೆ ‘ಪ್ರಗತಿ’ ಬಂದುಬಿಡುತ್ತದೆ.

ಇನ್ನೊಂದು ಎಡವಟ್ಟು ತಾರೀಖಿನದು. ಜನವರಿ 31ಕ್ಕೆ ಬಂದವರ 35ನೇ ದಿನ ಮಾರ್ಚ್ 7. ಹಾಗಾಗಿ ಜನವರಿಯ ವರದಿ ಮಾರ್ಚ್ 10ಕ್ಕೆ ಮಾತ್ರ ಕೊಡಲು ಸಾಧ್ಯ. ಫೆಬ್ರವರಿ 5ಕ್ಕೇ ಕೊಡಿ ಎಂದು ಮೇಲಿನಿಂದ ಒತ್ತಾಯ ಬಂದರೆ ತಂಡದವರು ಜನವರಿಯಲ್ಲಿ ಬಂದ ಹಳೆಯ ರೋಗಿಗಳನ್ನು ಜನವರಿಯ ಹೊಸಬರಿಂದ ಭಾಗಿಸಿ ಕಳಿಸುತ್ತಾರೆ. ಶೇ 110, ಶೇ 130 ಎಂಬ ಅಂಕಿಗಳು ಹುಟ್ಟುವುದು ಹೀಗೆ.

ಮುಖ್ಯ ಅಳತೆಯ ಜೊತೆಗೆ ಇನ್ನೆರಡು ಮೂರು ಸಾಕು, ಐದು ದಾಟಬೇಡಿ. ಫೋನ್ ನಂಬರ್ ಬರೆದುಕೊಂಡವರ ಪ್ರಮಾಣ, ಮಂಗಳವಾರ ಯಾವ ಔಷಧ ಮುಗಿದಿತ್ತು ಎಂಬ ಎಣಿಕೆ, ಇವು ಕೆಲಸದ ಅಳತೆಗಳು. ಒಂದು ಕಡೆ ಸರಿಮಾಡಲು ಹೋಗಿ ಇನ್ನೊಂದು ಕಡೆ ಕೆಡುತ್ತಿದೆಯೇ ಎಂದು ನೋಡಲು ಚೀಟಿ ಮಾಡಿಸಿದ ಹೊತ್ತಿನಿಂದ ಔಷಧ ಕೈಗೆ ಬರುವವರೆಗಿನ ಸಮಯವನ್ನು ತಿಂಗಳಿಗೊಂದು ಮಂಗಳವಾರ ಹತ್ತು ಜನರಿಗೆ ಅಳೆಯಿರಿ.

ಖಿನ್ನತೆ ಇರುವವರಲ್ಲಿ ಗುಣವಾಗುತ್ತಿದೆಯೇ ಎಂದೂ ತಿಳಿಯಬೇಕಿದ್ದರೆ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇದೆ. ಒಂಬತ್ತು ಪ್ರಶ್ನೆ, 0ಯಿಂದ 27 ಅಂಕ. 10 ಅಥವಾ ಹೆಚ್ಚು ಬಂದರೆ ಗಮನ ಕೊಡಬೇಕಾದ ಖಿನ್ನತೆ. ಮೊದಲ ಅಂಕದ ಅರ್ಧಕ್ಕಿಳಿದರೆ ಚಿಕಿತ್ಸೆ ಹಿಡಿಯುತ್ತಿದೆ. 5ಕ್ಕಿಂತ ಕೆಳಗೆ ಬಂದರೆ ಬಹುತೇಕ ಚೇತರಿಕೆ. ಓದು ಬಾರದವರಿಗೆ ಕಾಯುವ ಹೊತ್ತಿನಲ್ಲೇ ಶುಶ್ರೂಷಕಿ ಓದಿ ಹೇಳಬಹುದು, ಆದರೆ ಬೆಂಚಿನ ಮೇಲೆ ನಾಲ್ಕು ಜನರ ಕಿವಿಗೆ ಬೀಳುವಂತೆ ಅಲ್ಲ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ‘ಇಲ್ಲವೇ ಇಲ್ಲ’ ಬಿಟ್ಟು ಬೇರೆ ಯಾವ ಉತ್ತರ ಬಂದರೂ ಆ ರೋಗಿ ಅಂದೇ ವೈದ್ಯರ ಜೊತೆ ಮಾತಾಡದೆ ಹೊರಗೆ ಹೋಗಬಾರದು. ಮನೆಗೆ ಹೋಗುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಕೈಯಲ್ಲಿರಬೇಕು. ಈ ನಿಯಮ ಒಪ್ಪದ ಆಸ್ಪತ್ರೆಗೆ ಪಿಎಚ್‌ಕ್ಯೂ-9 ಹಾಳೆ ಕೊಡಬೇಡಿ.

ಮೊದಲ ಸಭೆಗೆ ಮುಂಚಿನ ಆರು ವಾರ

ಹಳೆಯ ಒಪಿಡಿ ರಿಜಿಸ್ಟರ್ ತೆಗೆದು ಹಿಂದಿನ ಆರು ತಿಂಗಳ ಲೆಕ್ಕ ಮಾಡಿಸಿ. ಆರೂ ತಿಂಗಳು ಆಗದಿದ್ದರೆ ಮೂರಾದರೂ ಇರಲಿ. ಅದಿಲ್ಲದೆ ಶುರು ಮಾಡಿದರೆ ವರ್ಷದ ಕೊನೆಗೆ ‘ಮೊದಲಿಗಿಂತ ಚೆನ್ನಾಗಿದೆ’ ಎಂಬ ಅಭಿಪ್ರಾಯ ಬಿಟ್ಟರೆ ಬೇರೇನೂ ಕೈಯಲ್ಲಿರುವುದಿಲ್ಲ.

ತಂಡದ ಒಬ್ಬರು ರೋಗಿಯ ದಾರಿಯಲ್ಲೇ ಒಂದು ಸಲ ನಡೆದು ನೋಡಲಿ: ಗೇಟಿನಿಂದ ಚೀಟಿ ಕೌಂಟರ್, ಅಲ್ಲಿಂದ ಒಪಿಡಿ, ಔಷಧಾಲಯ, ಬಸ್ ನಿಲ್ದಾಣ. ಮನೋವೈದ್ಯರ ಕೊಠಡಿ ಎಲ್ಲಿ ಎಂದು ಕೇಳಿದಾಗ ಸೆಕ್ಯೂರಿಟಿಯವರು ಎಲ್ಲರೆದುರು ಏನು ಹೇಳುತ್ತಾರೆ, ಕೊನೆಯ ಬಸ್ ಎಷ್ಟೊತ್ತಿಗೆ, ಔಷಧದ ಕಿಟಕಿ ಎಷ್ಟೊತ್ತಿಗೆ ಮುಚ್ಚುತ್ತದೆ, ಎಲ್ಲ ಬರೆದುಕೊಳ್ಳಲಿ. ನಯಾಟೆಕ್ಸ್‌ನವರು ಈ ಅಭ್ಯಾಸದಿಂದಲೇ ಕೆಲಸ ಶುರು ಮಾಡಿಸುತ್ತಾರೆ.

ಮೂರು ಸಭೆಗಳು

ಸಭೆಗಳು ಮೊದಲನೇ, ಐದನೇ ಮತ್ತು ಹತ್ತನೇ ತಿಂಗಳಲ್ಲಿರಲಿ. ಮಂಗಳವಾರ ಇಡಬೇಡಿ, ತಿಂಗಳ ಕೊನೆಯ ವರದಿ ವಾರದಲ್ಲೂ ಬೇಡ.

ಮೊದಲ ಸಭೆಯಲ್ಲಿ ಉಪನ್ಯಾಸ ಅರ್ಧ ಗಂಟೆ ಮೀರದಿರಲಿ. ಅದಕ್ಕಿಂತ ಮುಖ್ಯವಾದ ಒಂದು ಕಸರತ್ತಿದೆ. ಕಾಲ್ಪನಿಕ ರೋಗಿಗಳ ಹತ್ತು ಚೀಟಿ ತಯಾರಿಸಿ: ಒಬ್ಬರು 34ನೇ ದಿನ ಬಂದವರು, ಒಬ್ಬರು ಬೇರೆ ಆಸ್ಪತ್ರೆಯಲ್ಲಿ ಮೊದಲೇ ಮಾತ್ರೆ ನುಂಗುತ್ತಿದ್ದವರು, ಒಬ್ಬರ ತಮ್ಮ ಬಂದು ಔಷಧ ಒಯ್ದದ್ದು, ಒಬ್ಬರು ಮೂರ್ಛೆರೋಗದವರು, ಹೀಗೆ. ಎಲ್ಲ ತಂಡಗಳೂ ಅದೇ ಹತ್ತನ್ನು ಎಣಿಸಿ ಪ್ರಮಾಣ ಹೇಳಲಿ. ಮೊದಲ ಸಲ ಉತ್ತರ ಒಂದೊಂದು ತಂಡದ್ದು ಒಂದೊಂದು ಥರ ಬರುತ್ತದೆ. ಎಲ್ಲರ ಉತ್ತರ ಒಂದೇ ಆಗುವವರೆಗೂ ವ್ಯಾಖ್ಯೆ ತಿದ್ದಿ. ಊಟ ಒಂದು ಗಂಟೆ ತಡವಾದರೂ ಪರವಾಗಿಲ್ಲ.

ಎರಡನೇ ಸಭೆಯಲ್ಲಿ ಪ್ರತಿ ತಂಡಕ್ಕೆ ಆರು ನಿಮಿಷ, ಒಂದೇ ಚಾರ್ಟ್ ಹಾಳೆ. ಅದರಲ್ಲಿ ಗ್ರಾಫು, ಕೈಹಿಡಿದ ಒಂದು ಬದಲಾವಣೆ, ಕೈಕೊಟ್ಟ ಒಂದು ಬದಲಾವಣೆ. ಪವರ್‌ಪಾಯಿಂಟ್ ಬೇಡ, ಅದು ಬಂದ ಕೂಡಲೇ ಜಿಲ್ಲಾ ಪ್ರಗತಿ ಪರಿಶೀಲನಾ ಸಭೆಯ ಭಾಷೆ ಒಳಗೆ ನುಗ್ಗುತ್ತದೆ. ಮೂರನೆಯದು ಉಳಿಸಿಕೊಳ್ಳುವುದರ ಬಗ್ಗೆ, ಅದು ಮುಂದೆ ಬರುತ್ತದೆ.

ನಡುವಿನ ತಿಂಗಳುಗಳು

ನಿಜವಾದ ಕೆಲಸ ಇಲ್ಲಿದೆ. ಪ್ರತಿ ಬದಲಾವಣೆಯನ್ನೂ ಪಿಡಿಎಸ್‌ಎ (ಪ್ಲಾನ್-ಡೂ-ಸ್ಟಡಿ-ಆ್ಯಕ್ಟ್) ಸುತ್ತಿನಲ್ಲಿ ಪರೀಕ್ಷಿಸಬೇಕು: ಏನಾಗಬಹುದು ಎಂದು ಮೊದಲೇ ಊಹಿಸಿ ಬರೆದಿಡುವುದು, ಚಿಕ್ಕದಾಗಿ ಮಾಡಿ ನೋಡುವುದು, ಊಹೆಗೂ ಆದದ್ದಕ್ಕೂ ಹೋಲಿಸುವುದು, ತಿದ್ದಿ ಮುಂದುವರಿಸುವುದು ಅಥವಾ ಕೈಬಿಡುವುದು. ಚಿಕ್ಕದು ಅಂದರೆ ಎಷ್ಟು ಚಿಕ್ಕದು? ಈ ಮಂಗಳವಾರ ಒಬ್ಬ ರೋಗಿ, ಮುಂದಿನ ಮಂಗಳವಾರ ಐದು, ಅದಾದ ಮೇಲೆ ಎಲ್ಲರೂ. ಮೊದಲೇ ಫಾರಂ ಅಚ್ಚು ಹಾಕಿಸಿದರೆ ಸೋತ ಉಪಾಯವನ್ನೂ ಎರಡು ಸಾವಿರ ಪ್ರತಿ ಮುಗಿಯುವವರೆಗೆ ಎಳೆಯಬೇಕಾಗುತ್ತದೆ.

ನೆನಪಿನ ಕರೆಯನ್ನೇ ತೆಗೆದುಕೊಳ್ಳಿ. ‘ಭೇಟಿಗೆ ಎರಡು ದಿನ ಮುಂಚೆ ಫೋನ್ ಮಾಡುವುದು’ ಎಂದು ಬರೆದರೆ ಮುಗಿಯಲಿಲ್ಲ. ಎರಡು ದಿನ ಮುಂಚೆ ಅಂದರೆ ಭಾನುವಾರ, ಆಸ್ಪತ್ರೆಯಲ್ಲಿ ಯಾರಿರುತ್ತಾರೆ? ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಾಡಿದರೆ ಹೊಲದಲ್ಲಿರುವವರು ಎತ್ತುವುದಿಲ್ಲ. ಯಾರ ಫೋನಿನಿಂದ? ಸ್ವಂತ ಫೋನಿನಿಂದ ಮಾಡಿದರೆ ಶುಶ್ರೂಷಕಿಗೆ ರಾತ್ರಿ ಹನ್ನೊಂದಕ್ಕೂ ಕರೆ ಬರಲು ಶುರುವಾಗುತ್ತದೆ, ಆಸ್ಪತ್ರೆಯ ಸಿಮ್ ಬೇಕು. ಎತ್ತಿದವರು ಅತ್ತೆಯೋ ಪಕ್ಕದ ಮನೆಯವರೋ ಆಗಿದ್ದರೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ರೋಗಿಯ ವಿಷಯ ಗೋಪ್ಯ. ಆದ್ದರಿಂದ ಮೊದಲ ಭೇಟಿಯಲ್ಲೇ ಯಾವ ನಂಬರಿಗೆ, ಎಷ್ಟೊತ್ತಿಗೆ, ಬೇರೆಯವರು ಎತ್ತಿದರೆ ಏನು ಹೇಳಲಿ ಎಂದು ರೋಗಿಯನ್ನೇ ಕೇಳಿ ಬರೆದುಕೊಳ್ಳಬೇಕು. ಕರೆ ಹೀಗಿದ್ದರೆ ಸಾಕು: ‘ನಮಸ್ಕಾರ, ತಾಲ್ಲೂಕು ಆಸ್ಪತ್ರೆಯಿಂದ ಮಾತಾಡ್ತಿದೀನಿ. ನಾಳೆ ಬರೋಕೆ ಡಾಕ್ಟ್ರು ಹೇಳಿದ್ರಲ್ಲ, ನೆನಪಿದೆಯಾ? ಮಾತ್ರೆ ಇನ್ನೂ ಎಷ್ಟು ಉಳಿದಿವೆ?’ ಕೊನೆಯ ಪ್ರಶ್ನೆಗೆ ಬೆಲೆ ಇದೆ. ‘ಮಾತ್ರೆ ತಗೋತಿದೀರಾ’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಎಷ್ಟು ಉಳಿದಿವೆ ಎಂದರೆ ಎದ್ದು ಹೋಗಿ ಎಣಿಸಬೇಕಾಗುತ್ತದೆ, ಲೆಕ್ಕ ತಪ್ಪಿದ್ದು ಅಲ್ಲೇ ಬಯಲಾಗುತ್ತದೆ.

ಇದಕ್ಕಿಂತ ಅಗ್ಗದ ಬದಲಾವಣೆಯೊಂದಿದೆ, ಕರೆಗೂ ಮುಂಚೆ ಇದನ್ನೇ ಪರೀಕ್ಷಿಸಬೇಕು. ಮಂಗಳವಾರ 30 ದಿನದ ಮಾತ್ರೆ ಕೊಟ್ಟರೆ ಮುಗಿಯುವುದು ಗುರುವಾರ. ಆ ಗುರುವಾರ ಬಂದರೆ ಮನೋವೈದ್ಯರು ಇರುವುದಿಲ್ಲ. ವಾಪಸ್ ಹೋದವರು ಮತ್ತೆ ಬರುವುದು ಕಷ್ಟ. 28 ದಿನಕ್ಕೆ ತಾರೀಖು ಕೊಟ್ಟರೆ ಅದು ಮಂಗಳವಾರವೇ. 28 ದಿನಕ್ಕೆ ಬರಹೇಳಿ 35 ದಿನದ ಮಾತ್ರೆ ಕೊಟ್ಟರೆ ಒಂದು ಮಂಗಳವಾರ ಮದುವೆಯೋ ಮಳೆಯೋ ಅಡ್ಡ ಬಂದರೂ ಔಷಧ ತಪ್ಪುವುದಿಲ್ಲ. ಅಳತೆಯಲ್ಲಿ 35 ದಿನ ಇಟ್ಟದ್ದೂ ಇದಕ್ಕೇ. ಆದರೆ ಸಾಯುವ ಯೋಚನೆ ಇರುವವರಿಗೆ ಈ ಹೆಚ್ಚುವರಿ ಮಾತ್ರೆ ಕೊಡಬಾರದು. ಖಿನ್ನತೆಯ ಮಾತ್ರೆ ಅಮಿಟ್ರಿಪ್ಟಿಲಿನ್ ಆಗಲಿ, ಲಿಥಿಯಂ ಆಗಲಿ ಹೆಚ್ಚು ನುಂಗಿದರೆ ಪ್ರಾಣಕ್ಕೇ ಅಪಾಯ. ಅಂಥವರಿಗೆ ವಾರ ಅಥವಾ ಹದಿನೈದು ದಿನದ್ದು ಮಾತ್ರ, ಅದೂ ಮನೆಯವರ ಕೈಗೆ. ಮುಂದಿನ ತಾರೀಖನ್ನು ವಾರದ ಹೆಸರು ಸಮೇತ ಔಷಧದ ಕವರಿನ ಮೇಲೇ ಬರೆಯಿರಿ. ಒಪಿಡಿ ಚೀಟಿ ಕಳೆದುಹೋಗುತ್ತದೆ, ಕವರು ಮಾತ್ರೆ ಮುಗಿಯುವವರೆಗೂ ಕೈಯಲ್ಲಿರುತ್ತದೆ.

ಏಳನೇ ದಿನದ ಕರೆಯೂ ಪರೀಕ್ಷೆಗೆ ಯೋಗ್ಯ. ಸೈಕೋಸಿಸ್ ಮಾತ್ರೆಗಳಲ್ಲಿ ರಿಸ್ಪೆರಿಡೋನ್ ಶುರುವಾದವರಿಗೆ ಮೈ ಬಿಗಿ, ಕೈ ನಡುಕ, ಒಲಾಂಜಪಿನ್‌ನವರಿಗೆ ವಿಪರೀತ ನಿದ್ದೆ ಮೊದಲ ವಾರಗಳಲ್ಲೇ ಕಾಡುತ್ತವೆ. ಖಿನ್ನತೆಯ ಮಾತ್ರೆಯ ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಹೊಟ್ಟೆ ತೊಳಸುವುದು ಮಾತ್ರ ಮೊದಲ ದಿನವೇ ಬರಬಹುದು. ಇದನ್ನು ಮೊದಲೇ ಹೇಳದಿದ್ದರೆ ‘ಮಾತ್ರೆ ಒಗ್ಗಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ.

ಔಷಧ ಮುಗಿದಿದ್ದರೆ ಈ ಯಾವ ಉಪಾಯವೂ ನಡೆಯುವುದಿಲ್ಲ. ದಾಸ್ತಾನು ಎರಡು ತಿಂಗಳ ಬಳಕೆಗಿಂತ ಕೆಳಗೆ ಬಂದ ದಿನವೇ ಬೇಡಿಕೆ ಕಳಿಸುವ ನಿಯಮ ಮಾಡಿಕೊಳ್ಳಿ. ಉಗ್ರಾಣದಿಂದ ಬಾರದಿದ್ದರೆ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಖರೀದಿಸಲು ಯಾರ ಒಪ್ಪಿಗೆ ಬೇಕು ಎಂಬುದನ್ನು ಮುಂಚೆಯೇ ತಿಳಿದಿಟ್ಟುಕೊಂಡಿರಿ.

ಮಾರ್ಗದರ್ಶಕರು ಮತ್ತು ಗ್ರಾಫು

ನಾಲ್ಕೈದು ಆಸ್ಪತ್ರೆಗೆ ಒಬ್ಬ ಮಾರ್ಗದರ್ಶಕರು, ತಿಂಗಳಿಗೊಂದು ಭೇಟಿ, ಎರಡು ಗಂಟೆ. ಅವರು ಇನ್‌ಸ್ಪೆಕ್ಷನ್‌ಗೆ ಬಂದವರಲ್ಲ ಎಂಬುದು ಮೊದಲ ಭೇಟಿಯಲ್ಲೇ ಗೊತ್ತಾಗಬೇಕು. ಐದು ರೋಗಿಗಳ ದಾಖಲೆ ತೆಗೆದು ತಂಡದ ಲೆಕ್ಕಕ್ಕೆ ತಾಳೆ ನೋಡುವುದು, ಮುಂದಿನ ಮಂಗಳವಾರ ಏನು ಪರೀಕ್ಷೆ, ಯಾರು ಮಾಡುತ್ತಾರೆ ಎಂದು ಬರೆಸಿಕೊಳ್ಳುವುದು, ತಂಡದ ಕೈಮೀರಿದ ಒಂದು ಅಡ್ಡಿಯನ್ನು ತಾವೇ ತಾಲ್ಲೂಕು ಆರೋಗ್ಯಾಧಿಕಾರಿಯ ಬಳಿ ಒಯ್ಯುವುದು, ಇಷ್ಟು ಕೆಲಸ. ಮೂರನೆಯದನ್ನು ಮಾಡದ ಮಾರ್ಗದರ್ಶಕರಿಗೆ ನಾಲ್ಕನೇ ತಿಂಗಳಿಗೆ ಚಹಾ ಮಾತ್ರ ಸಿಗುತ್ತದೆ, ಸುದ್ದಿ ಸಿಗುವುದಿಲ್ಲ.

ಗ್ರಾಫನ್ನು ಕೈಯಲ್ಲೇ ಬರೆದು ಒಪಿಡಿ ಗೋಡೆಗೆ ಅಂಟಿಸಿ. ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಶೇಕಡಾ, ನಡುವೆ ಹಳೆಯ ತಿಂಗಳುಗಳ ಮಧ್ಯಾಂಕದ (ಅಂಕಿಗಳನ್ನು ಏರಿಕೆ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವುದು) ಗೆರೆ. ಒಂದು ತಿಂಗಳು ಏರಿದರೆ ಸಿಹಿ ಹಂಚಬೇಡಿ, ಇಳಿದರೆ ನೋಟಿಸ್ ಕೊಡಬೇಡಿ. ಸತತ ಆರು ಬಿಂದು ಗೆರೆಯ ಒಂದೇ ಕಡೆ ಬಿದ್ದರೆ, ಅಥವಾ ಐದು ಬಿಂದು ಒಂದೇ ಸಮನೆ ಏರಿದರೆ ಇಲ್ಲವೇ ಇಳಿದರೆ ನಿಜವಾಗಿ ಏನೋ ಬದಲಾಗಿದೆ ಎಂದು ತಿಳಿಯಬಹುದು. ತಿಂಗಳಿಗೆ ಎಂಟೇ ಹೊಸ ರೋಗಿಗಳಿರುವ ಆಸ್ಪತ್ರೆಯಲ್ಲಿ ಒಬ್ಬರು ಹೆಚ್ಚು ಕಡಿಮೆಯಾದರೆ ಶೇ 12.5 ಹೊಯ್ದಾಡುತ್ತದೆ. ಅಂಥಲ್ಲಿ ಎರಡು ತಿಂಗಳು ಸೇರಿಸಿ ಒಂದು ಬಿಂದು ಹಾಕಿ.

ಆಸ್ಪತ್ರೆಗಳಿಗೆ ರ‍್ಯಾಂಕ್ ಕೊಡುವ ಆಸೆ ಜಿಲ್ಲಾ ಮಟ್ಟದಲ್ಲಿ ಬಂದೇ ಬರುತ್ತದೆ. ಕೊಟ್ಟ ತಿಂಗಳಿಂದಲೇ ಅಂಕಿಗಳು ಸುಂದರವಾಗತೊಡಗುತ್ತವೆ: ಶೇ 90, ಶೇ 95, ಶೇ 100. ಪ್ರತಿ ತಿಂಗಳೂ ದುಂಡು ಸಂಖ್ಯೆ ಬರುವ ಕಡೆ ಐದರ ಬದಲು ಹದಿನೈದು ದಾಖಲೆ ತಾಳೆ ನೋಡಿ. ಆಸ್ಪತ್ರೆಯ ಹೋಲಿಕೆ ಅದರ ಹಿಂದಿನ ತಿಂಗಳುಗಳ ಜೊತೆಗೆ ಮಾತ್ರ ಇರಲಿ.

ವಾಟ್ಸಾಪ್ ಗುಂಪು ಇಲ್ಲದೆ ನಡೆಯುವುದಿಲ್ಲ, ಇದ್ದರೆ ಅಪಾಯವೂ ಇದೆ. ರೋಗಿಯ ಹೆಸರು, ಊರು, ಚೀಟಿಯ ಫೋಟೋ ಯಾವುದನ್ನೂ ಹಾಕುವಂತಿಲ್ಲ. ‘ಮಂಗಳವಾರದ 3ನೇ ಹೊಸ ರೋಗಿ’ ಅಂದರೆ ಸಾಕು. ಫಲಿತಾಂಶವನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಯೋಚನೆ ಇದ್ದರೆ ನೈತಿಕ ಸಮಿತಿಯ ಒಪ್ಪಿಗೆ ಕೆಲಸ ಶುರುವಾಗುವ ಮೊದಲೇ ಬೇಕು.

ವರ್ಷ ಮುಗಿದ ಮೇಲೆ

ಮೂರನೇ ಸಭೆಯಲ್ಲಿ ಪ್ರತಿ ತಂಡವೂ ಎರಡು ಪಟ್ಟಿ ಮಾಡಬೇಕು: ಇನ್ನು ಮುಂದೆ ಇದೇ ನಮ್ಮ ಪದ್ಧತಿ ಎಂದು ಉಳಿಸಿಕೊಳ್ಳುವುದು, ಇವತ್ತಿಗೆ ನಿಲ್ಲಿಸುವುದು. ನಿಲ್ಲಿಸುವ ಪಟ್ಟಿ ಖಾಲಿ ಇದ್ದರೆ ಉಳಿಸಿಕೊಳ್ಳುವ ಪಟ್ಟಿಯನ್ನೂ ನಂಬಬೇಡಿ. ಮುಖ್ಯ ಅಳತೆಯೊಂದನ್ನೇ ಮುಂದುವರಿಸಿ, ತಿಂಗಳಿಗೊಮ್ಮೆ ಬೇಡ, ಮೂರು ತಿಂಗಳಿಗೊಮ್ಮೆ 20 ದಾಖಲೆ ನೋಡಿದರೆ ಸಾಕು.

ಗಳಿಸಿದ್ದು ಕೈತಪ್ಪುವುದಕ್ಕೆ ದೊಡ್ಡ ಕಾರಣ ವರ್ಗಾವಣೆ. ಸರ್ಕಾರಿ ನೌಕರರ ಸಾಮಾನ್ಯ ವರ್ಗಾವಣೆ ಹೆಚ್ಚಾಗಿ ಮೇ-ಜೂನ್ ಹೊತ್ತಿಗೆ ನಡೆಯುತ್ತದೆ. ಆದ್ದರಿಂದ ಏಪ್ರಿಲ್ ಒಳಗೆ ಪ್ರತಿ ಆಸ್ಪತ್ರೆಯಲ್ಲೂ ರಿಜಿಸ್ಟರ್ ಎಣಿಸಲು ಬಲ್ಲವರು ಕನಿಷ್ಠ ಇಬ್ಬರಿರಬೇಕು, ಅದರಲ್ಲಿ ಒಬ್ಬರು ಆ ಊರಿನವರೇ ಆದ ಆಪ್ತಸಮಾಲೋಚಕರೋ ಡೇಟಾ ಎಂಟ್ರಿ ಆಪರೇಟರೋ ಆಗಿದ್ದರೆ ಒಳ್ಳೆಯದು. ಹೊಸದಾಗಿ ಬರುವವರ ಮೇಜಿನ ಮೇಲೆ ಒಂದು ಪುಟ ಇರಲಿ: ಅಳತೆಯ ವ್ಯಾಖ್ಯೆ, ಆಸ್ಪತ್ರೆಯ ಸಿಮ್ ಯಾರ ಬಳಿ ಇದೆ, ಕರೆಯ ಮಾತು, 28 ದಿನದ ನಿಯಮ, ಮತ್ತು ಆ ಹೆಚ್ಚುವರಿ ಮಾತ್ರೆ ಯಾರಿಗೆ ಕೊಡಬಾರದು ಎಂಬುದು.